ಸಂಗಾತಿಯ ಆಯ್ಕೆ: ವಿಕಾಸ ವಿಜ್ಞಾನ ಹೇಳಿದ್ದೇನು, ನಾವು ಕೇಳಿಸಿಕೊಂಡದ್ದೇನು

ಬೆಂಗಳೂರಿನ ಪಿ.ಜಿ.ಗಳಲ್ಲಿ, ಆಫೀಸಿನ ಕ್ಯಾಂಟೀನುಗಳಲ್ಲಿ, ಮೆಟ್ರೊದಲ್ಲಿ ಕುಳಿತವರ ಮೊಬೈಲಿನ ರೀಲ್ಸ್‌ಗಳಲ್ಲಿ ಈಚೆಗೆ ಒಂದು ಬಗೆಯ ಮಾತು ಬಹಳ ಆತ್ಮವಿಶ್ವಾಸದಿಂದ ಓಡಾಡುತ್ತಿದೆ. ಹೆಣ್ಣು ನೋಡುವುದು ಗಂಡಿನ ಸಂಬಳವನ್ನು, ಗಂಡು ನೋಡುವುದು ಹೆಣ್ಣಿನ ರೂಪವನ್ನು. ಹೆಂಗಸರೆಲ್ಲ ಮೇಲಿನ ಶೇಕಡ 20ರಷ್ಟು ಗಂಡಸರ ಹಿಂದೆಯೇ ಬೀಳುತ್ತಾರೆ. ಒಬ್ಬಳಿಗೇ ನಿಷ್ಠನಾಗಿರುವುದು ಗಂಡಿನ ಸ್ವಭಾವದಲ್ಲೇ ಇಲ್ಲ. ಇದೆಲ್ಲ ಲಕ್ಷಾಂತರ ವರ್ಷಗಳ ಜೀವವಿಕಾಸ ನಮ್ಮೊಳಗೆ ಇಟ್ಟುಹೋದ ನಿಯಮ, ಬದಲಾಗುವಂಥದ್ದಲ್ಲ ಎಂಬುದು ಅದರ ಸಾರ. ಕೊನೆಯಲ್ಲಿ ‘ಸಂಶೋಧನೆಯೇ ಹೀಗೆ ಹೇಳಿದೆ’ ಎಂದು ಸೇರಿಸಿದರೆ ಎದುರಿನವರು ಸುಮ್ಮನಾಗುತ್ತಾರೆ. ಆ ಸಂಶೋಧನೆ ಯಾವುದು, ಅದರಲ್ಲಿ ನಿಜವಾಗಿ ಏನಿದೆ ಎಂದು ಕೇಳುವವರು ಕಡಿಮೆ.

ಮನುಷ್ಯನ ಮನಸ್ಸು, ವರ್ತನೆಗಳನ್ನು ಜೀವವಿಕಾಸದ ಹಿನ್ನೆಲೆಯಲ್ಲಿ ಅಭ್ಯಸಿಸುವ ವಿಕಾಸವಾದಿ ಮನೋವಿಜ್ಞಾನ ಎಂಬ ಶಾಖೆ ಇದೆ, ಅದರಲ್ಲಿ ಗಂಭೀರವಾದ ಕೆಲಸವೂ ನಡೆದಿದೆ. ಜನಪ್ರಿಯ ಮಾತುಗಳಲ್ಲಿ ಕೆಲವು ಅದರ ಫಲಿತಾಂಶಗಳಿಂದಲೇ ಹುಟ್ಟಿದವು. ಆದರೆ ಸಂಶೋಧನಾ ಪತ್ರಿಕೆಯಿಂದ ರೀಲ್ಸ್‌ಗೆ ಬರುವ ದಾರಿಯಲ್ಲಿ ಆ ಫಲಿತಾಂಶಗಳು ‘ಎಷ್ಟು’, ‘ಯಾರಲ್ಲಿ’, ‘ಯಾವ ಪರಿಸ್ಥಿತಿಯಲ್ಲಿ’ ಎಂಬ ವಿವರಗಳನ್ನು ಕಳೆದುಕೊಂಡಿವೆ. ನಮ್ಮ ಸಮಾಜಕ್ಕೆ ಅವುಗಳನ್ನು ಅನ್ವಯಿಸುವಾಗ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯನ್ನು, ಅಂದರೆ ಆಯ್ಕೆ ಮಾಡುತ್ತಿರುವವರು ಯಾರು ಎಂಬುದನ್ನು, ಯಾರೂ ಎತ್ತುವುದೇ ಇಲ್ಲ.

ಮೂಲದಿಂದ ಆರಂಭಿಸುವುದು ಒಳ್ಳೆಯದು. ಸಂಗಾತಿಗಾಗಿ ನಡೆಯುವ ಸ್ಪರ್ಧೆ ಮತ್ತು ಆಯ್ಕೆಗಳೂ ಜೀವಿಗಳ ರೂಪ, ವರ್ತನೆಗಳನ್ನು ತಿದ್ದುತ್ತವೆ ಎಂಬ ಲೈಂಗಿಕ ಆಯ್ಕೆಯ ವಾದವನ್ನು ಚಾರ್ಲ್ಸ್ ಡಾರ್ವಿನ್ 1871ರಲ್ಲಿ ವಿಸ್ತಾರವಾಗಿ ಮಂಡಿಸಿದರು. ನೂರು ವರ್ಷಗಳ ಬಳಿಕ, 1972ರಲ್ಲಿ, ಅಮೆರಿಕದ ಜೀವವಿಜ್ಞಾನಿ ರಾಬರ್ಟ್ ಟ್ರಿವರ್ಸ್ ಅದಕ್ಕೊಂದು ತರ್ಕವನ್ನು ಜೋಡಿಸಿದರು: ಸಂತಾನಕ್ಕಾಗಿ ಹೆಚ್ಚು ಶಕ್ತಿ, ಸಮಯಗಳನ್ನು ತೊಡಗಿಸುವ ಲಿಂಗ ಸಂಗಾತಿಯ ಆಯ್ಕೆಯಲ್ಲಿ ಹೆಚ್ಚು ಎಚ್ಚರ ವಹಿಸುತ್ತದೆ, ಕಡಿಮೆ ತೊಡಗಿಸುವ ಲಿಂಗದಲ್ಲಿ ಪೈಪೋಟಿ ಹೆಚ್ಚುತ್ತದೆ. ಈ ತರ್ಕ ‘ಹೆಣ್ಣು ಹೀಗೆ, ಗಂಡು ಹಾಗೆ’ ಎಂದು ಹೇಳುವುದಿಲ್ಲ. ಹೊಣೆ ಹೊರುವವರು ಯಾರು ಎಂಬುದನ್ನು ಮಾತ್ರ ನೋಡುತ್ತದೆ. ನಮ್ಮ ಕೆರೆಗಳಲ್ಲಿ ತೇಲುವ ಎಲೆಗಳ ಮೇಲೆ ನಡೆದಾಡುವ ದೇವನಕ್ಕಿಗಳಲ್ಲಿ ಕಾವು ಕೊಡುವುದು, ಮರಿಗಳನ್ನು ಕಾಯುವುದು ಗಂಡಿನ ಕೆಲಸ. ಅಲ್ಲಿ ಗಂಡುಗಳಿಗಾಗಿ ಹೆಣ್ಣುಗಳೇ ಕಾದಾಡುತ್ತವೆ. ಮನುಷ್ಯರಲ್ಲಿ ತಂದೆಯೂ ವರ್ಷಗಟ್ಟಲೆ ಮಕ್ಕಳ ಹೊಣೆ ಹೊರಬಲ್ಲನಾದ್ದರಿಂದ ದೀರ್ಘಕಾಲದ ಸಂಬಂಧದಲ್ಲಿ ಹೆಣ್ಣು ಗಂಡು ಇಬ್ಬರೂ ಎಚ್ಚರದಿಂದ ಆರಿಸುತ್ತಾರೆ ಎಂಬುದು ಇದೇ ಸಿದ್ಧಾಂತದಿಂದ ಹೊರಡುವ ನಿರೀಕ್ಷೆ. ಜನಪ್ರಿಯ ಆವೃತ್ತಿಯಲ್ಲಿ ಈ ಭಾಗ ಕಾಣಿಸುವುದಿಲ್ಲ.

ಎಲ್ಲರೂ ಉಲ್ಲೇಖಿಸುವ, ಆದರೆ ಕೆಲವರೇ ಓದಿರುವ ಅಧ್ಯಯನ ಅಮೆರಿಕದ ಮನೋವಿಜ್ಞಾನಿ ಡೇವಿಡ್ ಬಸ್ ಅವರು 1989ರಲ್ಲಿ ಪ್ರಕಟಿಸಿದ್ದು. ಭಾರತವೂ ಸೇರಿದಂತೆ 33 ದೇಶಗಳ 37 ಸಮೂಹಗಳಿಂದ 10,047 ಜನರನ್ನು, ಸಂಗಾತಿಯಲ್ಲಿ ಯಾವ ಗುಣಕ್ಕೆ ಎಷ್ಟು ಮಹತ್ವ ಕೊಡುತ್ತೀರಿ ಎಂದು ಅದರಲ್ಲಿ ಕೇಳಲಾಗಿತ್ತು. ಸಂಗಾತಿಯ ಗಳಿಕೆಯ ಸಾಧ್ಯತೆಗೆ ಹೆಂಗಸರು ಗಂಡಸರಿಗಿಂತ ಹೆಚ್ಚು ಮಹತ್ವ ಕೊಟ್ಟದ್ದು 37ರಲ್ಲಿ 36 ಸಮೂಹಗಳಲ್ಲಿ ಸ್ಪಷ್ಟವಾಗಿ ಕಂಡಿತು. ರೂಪಕ್ಕೆ ಗಂಡಸರು ಹೆಚ್ಚು ಅಂಕ ಕೊಟ್ಟರು. ಗಂಡಸರು ತಮಗಿಂತ ಸರಾಸರಿ 2.66 ವರ್ಷ ಕಿರಿಯರನ್ನು, ಹೆಂಗಸರು ಸರಾಸರಿ 3.42 ವರ್ಷ ಹಿರಿಯರನ್ನು ಬಯಸಿದರು. ಈ ವ್ಯತ್ಯಾಸಗಳು ಆಕಸ್ಮಿಕವಲ್ಲ. 2020ರಲ್ಲಿ 45 ದೇಶಗಳ 14,399 ಜನರ ಮೇಲೆ ನಡೆದ ಅಧ್ಯಯನದಲ್ಲೂ ಅವು ಮತ್ತೆ ಕಾಣಿಸಿಕೊಂಡವು. ಅಷ್ಟರ ಮಟ್ಟಿಗೆ ರೀಲ್ಸ್‌ಗಳು ಹೇಳುವುದರಲ್ಲಿ ಆಧಾರವಿದೆ.

ಆದರೆ ಅದೇ 1989ರ ಅಧ್ಯಯನದಲ್ಲಿ ಹೆಂಗಸರೂ ಗಂಡಸರೂ ಸೇರಿ ಮೇಲಿನ ಸ್ಥಾನ ಕೊಟ್ಟದ್ದು ಹಣಕ್ಕೂ ಅಲ್ಲ, ರೂಪಕ್ಕೂ ಅಲ್ಲ. ದಯೆ, ತಿಳಿವಳಿಕೆ, ಬುದ್ಧಿವಂತಿಕೆ, ನಂಬಬಹುದಾದ ನಡತೆ, ಪರಸ್ಪರ ಪ್ರೀತಿ ಎಂಬ ಗುಣಗಳು ಎರಡೂ ಕಡೆ ಮುಂದಿದ್ದವು. ಎರಡನೆಯದಾಗಿ, ಕೆಲವು ಗುಣಗಳ ವಿಷಯದಲ್ಲಿ ದೇಶ ದೇಶಗಳ ನಡುವಿನ ಅಂತರವು ಹೆಣ್ಣು ಗಂಡಿನ ನಡುವಿನ ಅಂತರವನ್ನು ಮೀರಿಸಿತ್ತು. ಮದುವೆಗೆ ಮೊದಲು ಲೈಂಗಿಕ ಅನುಭವ ಇರಬಾರದು ಎಂಬ ಬಯಕೆಯನ್ನೇ ನೋಡಿ. ಭಾರತ, ಚೀನಾ, ಇರಾನ್‌ಗಳಲ್ಲಿ ಗಂಡಸರೂ ಹೆಂಗಸರೂ ಅದಕ್ಕೆ ಬಹಳ ಮಹತ್ವ ಕೊಟ್ಟರೆ, ಸ್ವೀಡನ್, ನಾರ್ವೆಯಂಥ ದೇಶಗಳಲ್ಲಿ ಇಬ್ಬರೂ ಅದನ್ನು ಹೆಚ್ಚುಕಡಿಮೆ ಲೆಕ್ಕಕ್ಕೇ ಹಿಡಿಯಲಿಲ್ಲ. ಎಲ್ಲೆಡೆ ಒಂದೇ ಬಗೆಯ ಮೆದುಳಿರುವಾಗ ಉತ್ತರಗಳು ಇಷ್ಟು ಬೇರೆಯಾದವು ಎಂಬುದು ಆ ಅಧ್ಯಯನದ ಅತ್ಯಂತ ಕುತೂಹಲದ ಭಾಗವೆಂದು ನಾನು ತಿಳಿದಿದ್ದೇನೆ. ರೀಲ್ಸ್ ಮಾಡುವವರಿಗೆ ಬೇಡವಾದದ್ದೂ ಅದೇ ಭಾಗ.

ಇನ್ನು ‘ಎಷ್ಟು’ ಎಂಬ ಪ್ರಶ್ನೆ. ಎರಡು ಗುಂಪುಗಳ ಸರಾಸರಿಗಳು ಬೇರೆಯಾಗಿವೆ ಎಂದರೆ ಆ ಗುಂಪುಗಳ ಜನರೆಲ್ಲ ಬೇರೆಯಾಗಿದ್ದಾರೆ ಎಂದಲ್ಲ. ಯಾವುದೋ ಒಂದು ಗುಣದಲ್ಲಿ ಹೆಂಗಸರ ಮತ್ತು ಗಂಡಸರ ಸರಾಸರಿಗಳ ನಡುವೆ ಅರ್ಧ ಮಾನಕ ವಿಚಲನೆಯಷ್ಟು (ಮಾನಕ ವಿಚಲನೆ ಎಂದರೆ ಒಂದು ಗುಂಪಿನವರು ಸರಾಸರಿಯಿಂದ ಎಷ್ಟು ಚದುರಿದ್ದಾರೆ ಎಂಬುದರ ಅಳತೆ) ಅಂತರವಿದೆ ಎಂದಿಟ್ಟುಕೊಳ್ಳೋಣ. ಮನೋವಿಜ್ಞಾನದಲ್ಲಿ ಇದನ್ನು ಮಧ್ಯಮ ಗಾತ್ರದ ಅಂತರ ಎನ್ನುತ್ತಾರೆ. ಆಗಲೂ ಎರಡು ಗುಂಪುಗಳ ಹರಹು ಸುಮಾರು ಶೇಕಡ 80ರಷ್ಟು ಒಂದರ ಮೇಲೊಂದು ಬೀಳುತ್ತದೆ. ಯಾರಾದರೂ ಒಬ್ಬ ಗಂಡಸನ್ನು, ಒಬ್ಬ ಹೆಂಗಸನ್ನು ಆರಿಸಿ ಹೋಲಿಸಿದರೆ, ಸರಾಸರಿ ಸೂಚಿಸುವ ದಿಕ್ಕಿನಲ್ಲೇ ವ್ಯತ್ಯಾಸ ಕಾಣುವುದು ನೂರರಲ್ಲಿ ಸುಮಾರು 64 ಸಲ; ಉಳಿದ 36 ಸಲ ಅದು ಉಲ್ಟಾ ಆಗಿರುತ್ತದೆ. ಕೆಲವು ಗುಣಗಳಲ್ಲಿ ಅಂತರ ಇದಕ್ಕಿಂತ ದೊಡ್ಡದು, ಕೆಲವದರಲ್ಲಿ ತೀರ ಚಿಕ್ಕದು. ಹೀಗಿರುವಾಗ ಎದುರಿಗೆ ಕುಳಿತ ಒಬ್ಬ ಹುಡುಗಿಯ ಮನಸ್ಸಿನಲ್ಲಿ ಏನಿದೆ ಎಂದು 37 ಸಮೂಹಗಳ ಸರಾಸರಿಯಿಂದ ಊಹಿಸಹೊರಟವನು ಅವಳನ್ನೇ ಕೇಳಿ ತಿಳಿಯಬಹುದಾಗಿದ್ದ ಸಂಗತಿಯನ್ನು ಕಳೆದುಕೊಳ್ಳುತ್ತಾನೆ.

ಬಾಯಲ್ಲಿ ಹೇಳುವ ಬಯಕೆಗೂ ನಿಜವಾದ ಆಯ್ಕೆಗೂ ಇರುವ ದೂರವನ್ನೂ ಗಮನಿಸಬೇಕು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಪಾಲ್ ಈಸ್ಟ್‌ವಿಕ್ ಮತ್ತು ಎಲೈ ಫಿಂಕೆಲ್ ಅವರು, ಕೆಲವೇ ನಿಮಿಷ ಮಾತಾಡಿ ಮುಂದಿನವರ ಬಳಿಗೆ ಹೋಗುವ ಸ್ಪೀಡ್ ಡೇಟಿಂಗ್ ಏರ್ಪಡಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲೇ ಕೇಳಿದಾಗ ಗಂಡಸರು ರೂಪ, ಹೆಂಗಸರು ಗಳಿಕೆ ಎಂದು ಎಂದಿನಂತೆಯೇ ಹೇಳಿದರು. ಮುಖಾಮುಖಿಯಾದ ಮೇಲೆ ಯಾರು ಇಷ್ಟವಾದರು ಎಂದು ನೋಡಿದರೆ ಆ ವ್ಯತ್ಯಾಸ ಕಾಣಲಿಲ್ಲ. ತಾವು ಹೇಳಿದ್ದ ಬಯಕೆಗಳು ತಮ್ಮದೇ ಆಯ್ಕೆಯನ್ನು ಸರಿಯಾಗಿ ಮುನ್ಸೂಚಿಸಲಿಲ್ಲ. ಇದನ್ನು ಒಪ್ಪದ ಸಂಶೋಧಕರೂ ಇದ್ದಾರೆ, ಚರ್ಚೆ ಮುಗಿದಿಲ್ಲ. ಮುಗಿಯದ ಚರ್ಚೆಯ ಒಂದು ಕಡೆಯನ್ನು ಮಾತ್ರ ಎತ್ತಿ ತೀರ್ಪೆಂದು ಹಂಚುವುದು ಓದುಗರಿಗೆ ಮಾಡುವ ಅನ್ಯಾಯ.

ಈಗ ನಮ್ಮ ಮನೆಗಳ ವಿಚಾರಕ್ಕೆ ಬರೋಣ. ಮದುವೆಯ ಮಾತುಕತೆಯಲ್ಲಿ ಹಿರಿಯರು ಇಂದಿಗೂ ನೆನಪಿಸಿಕೊಳ್ಳುವ ಹಳೆಯ ಸುಭಾಷಿತವೊಂದಿದೆ: ಕನ್ಯೆ ವರನ ರೂಪವನ್ನು ನೋಡುತ್ತಾಳೆ, ತಾಯಿ ಹಣವನ್ನು, ತಂದೆ ವಿದ್ಯೆಯನ್ನು, ಬಂಧುಗಳು ಕುಲವನ್ನು, ಉಳಿದವರಿಗೆ ಊಟ ಚೆನ್ನಾಗಿದ್ದರೆ ಸಾಕು. ಇಲ್ಲಿ ರೂಪವನ್ನು ನೋಡುವವಳು ಹೆಣ್ಣು, ಹಣವನ್ನು ನೋಡುವವಳು ಅವಳ ತಾಯಿ! ಮಕ್ಕಳ ಹಿತಾಸಕ್ತಿಯೂ ಹೆತ್ತವರ ಹಿತಾಸಕ್ತಿಯೂ ಪೂರ್ತಿ ಒಂದೇ ಆಗಿರುವುದಿಲ್ಲ ಎಂಬ ಸಿದ್ಧಾಂತವನ್ನು ಟ್ರಿವರ್ಸ್ 1974ರಲ್ಲಿ ಮಂಡಿಸಿದರು; ಸಂಗಾತಿಯ ರೂಪಕ್ಕೆ ಮಕ್ಕಳು, ಮನೆತನ ಹಿನ್ನೆಲೆಗಳಿಗೆ ಹೆತ್ತವರು ಹೆಚ್ಚು ತೂಕ ಕೊಡುತ್ತಾರೆ ಎಂಬುದನ್ನು ಮುಂದೆ ಹಲವು ದೇಶಗಳ ಅಧ್ಯಯನಗಳು ತೋರಿಸಿದವು. ವಿಕಾಸವಾದಿ ಮನೋವಿಜ್ಞಾನದ ಈ ಭಾಗವೇ ನಮಗೆ ಹೆಚ್ಚು ಉಪಯುಕ್ತ, ಆದರೆ ಇದರ ಬಗ್ಗೆ ಒಂದು ರೀಲ್ಸ್ ಕೂಡ ಜನಪ್ರಿಯವಾದದ್ದನ್ನು ನಾನು ಕಂಡಿಲ್ಲ.

ಸಂಬಳದ ಚೀಟಿ, ಸ್ವಂತ ಮನೆ, ಸೈಟು, ಜಾತಕ, ಗೋತ್ರಗಳನ್ನು ವಿಚಾರಿಸಿ ಮುಗಿದ ಬಳಿಕವಷ್ಟೇ ಹುಡುಗ ಹುಡುಗಿ ಪರಸ್ಪರ ನೋಡುವ ವ್ಯವಸ್ಥೆಯಲ್ಲಿ ‘ಹೆಣ್ಣಿನ ಆಯ್ಕೆ’ ಎಂದು ಕಾಣುವುದರ ಬಹುಭಾಗ ಎರಡು ಕುಟುಂಬಗಳ ಆಯ್ಕೆ. 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಅಂತರ್ಜಾತಿ ವಿವಾಹಗಳ ಪ್ರಮಾಣ ಶೇಕಡ 5ರ ಆಸುಪಾಸಿನಲ್ಲಿತ್ತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಪತ್ರಿಕೆಯೊಂದರ ವೈವಾಹಿಕ ಜಾಹೀರಾತುಗಳನ್ನೂ ಅವುಗಳಿಗೆ ಬಂದ ಉತ್ತರಗಳನ್ನೂ ವಿಶ್ಲೇಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಮುಖ್ಯ ಫಲಿತಾಂಶಗಳಲ್ಲಿ ಒಂದು, ಸ್ವಜಾತಿಯ ಬಯಕೆ ಅತ್ಯಂತ ಪ್ರಬಲವಾಗಿತ್ತು ಎಂಬುದು. ಮಲ್ಲೇಶ್ವರದಲ್ಲೋ ವಿಜಯನಗರದಲ್ಲೋ ನಡೆಯುವ ಒಂದು ಸಮುದಾಯದ ವಧು-ವರರ ಸಮಾವೇಶಕ್ಕೆ ಹೋಗಿ ಅಲ್ಲಿನ ಆಯ್ಕೆಗಳನ್ನು ಪಟ್ಟಿ ಮಾಡುವವರು, ಪಟ್ಟಿಗೆ ಮುನ್ನವೇ ಜಾತಿ ಬಾಗಿಲಲ್ಲಿ ನಿಂತು ಬಹುಪಾಲು ಜನರನ್ನು ಹೊರಗಿಟ್ಟಿದೆ ಎಂಬುದನ್ನು ಮರೆಯಬಾರದು.

ಜಾತಿಯೊಳಗೇ ಮದುವೆಯಾಗುವುದೂ ‘ರಕ್ತದಲ್ಲೇ ಇದೆ’ ಎನ್ನುವವರಿದ್ದಾರೆ. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ (ಸಿ.ಸಿ.ಎಂ.ಬಿ.) ವಿಜ್ಞಾನಿಗಳೂ ಸೇರಿದ್ದ ತಂಡವೊಂದು 2013ರಲ್ಲಿ ಪ್ರಕಟಿಸಿದ ವಂಶವಾಹಿ ಅಧ್ಯಯನದ ಪ್ರಕಾರ, ಭಾರತದ ಸಮುದಾಯಗಳು ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ಧಾರಾಳವಾಗಿ ಬೆರೆತಿದ್ದವು. ಒಳವಿವಾಹ ಬಿಗಿಯಾದದ್ದು ಅದರ ನಂತರ. ಮನುಷ್ಯ ಕುಲದ ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ಎರಡು ಸಾವಿರ ವರ್ಷ ತೀರ ಈಚಿನದು. ಸಮಾಜ ಕಟ್ಟಿದ ಬೇಲಿಗೆ ವಿಕಾಸದ ಹೆಸರು ಕೊಡುವುದು ತಪ್ಪು ಮಾತ್ರವಲ್ಲ, ಆ ಬೇಲಿಯನ್ನು ದಾಟಲು ಹೋಗಿ ಜೀವ ಕಳೆದುಕೊಂಡವರಿರುವ ನಾಡಿನಲ್ಲಿ ಅದು ಅಪಾಯಕಾರಿಯೂ ಹೌದು.

ಇದೇ ಸಾಲಿನಲ್ಲಿ ಸೋದರಸಂಬಂಧದ ಮದುವೆಗಳನ್ನೂ ನೋಡಬೇಕು. ಬಾಲ್ಯದಿಂದ ಒಟ್ಟಿಗೆ ಬೆಳೆದವರ ನಡುವೆ ಲೈಂಗಿಕ ಆಕರ್ಷಣೆ ಮೂಡುವುದಿಲ್ಲ ಎಂದು ಎಡ್ವರ್ಡ್ ವೆಸ್ಟರ್‌ಮಾರ್ಕ್ 1891ರಲ್ಲಿ ಪ್ರತಿಪಾದಿಸಿದರು. ಮಕ್ಕಳನ್ನು ಒಟ್ಟಿಗೆ ಬೆಳೆಸುತ್ತಿದ್ದ ಇಸ್ರೇಲಿನ ಕಿಬ್ಬುಟ್ಸ್ ಎಂಬ ಸಾಮೂಹಿಕ ವಸತಿಗಳಲ್ಲಿ, ತೈವಾನಿನಲ್ಲಿ ದೊರೆತ ಸಾಕ್ಷ್ಯ ಅದನ್ನು ಬೆಂಬಲಿಸುತ್ತದೆ. ಇದನ್ನು ‘ರಕ್ತಸಂಬಂಧಿಗಳನ್ನು ವರಿಸದಂತೆ ಪ್ರಕೃತಿಯೇ ತಡೆದಿದೆ’ ಎಂದು ಹಿಗ್ಗಿಸಿದರೆ ಹಳೆ ಮೈಸೂರಿನ ಯಾವ ಮನೆಯೂ ಅದನ್ನು ಸುಳ್ಳೆಂದು ತೋರಿಸಬಲ್ಲದು. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ನವಜಾತ ಶಿಶುಗಳ ತಪಾಸಣೆಯ ಜೊತೆಗೆ ನಡೆದ ಅಧ್ಯಯನಗಳಲ್ಲಿ ಸುಮಾರು ಮೂರನೆಯ ಒಂದು ಭಾಗದ ದಂಪತಿಗಳು ರಕ್ತಸಂಬಂಧಿಗಳಾಗಿದ್ದರು. ಅವರಲ್ಲಿ ಹೆಚ್ಚಿನವರು ಸೋದರಮಾವ ಮತ್ತು ಅಕ್ಕನ ಮಗಳು. ಸೋದರತ್ತೆಯ ಮಗನಿಗೂ ಚಿಕ್ಕಪ್ಪನ ಮಗನಿಗೂ ವಂಶವಾಹಿಗಳ ಲೆಕ್ಕದಲ್ಲಿ ಭೇದವಿಲ್ಲ; ಇಬ್ಬರೊಡನೆಯೂ ಹುಡುಗಿ ಸರಾಸರಿ ಎಂಟರಲ್ಲಿ ಒಂದು ಭಾಗವನ್ನು ಹಂಚಿಕೊಂಡಿರುತ್ತಾಳೆ. ಆದರೂ ಒಬ್ಬ ವರ, ಇನ್ನೊಬ್ಬ ಅಣ್ಣ. ಈ ಗೆರೆಯನ್ನು ಎಳೆದದ್ದು ಬಂಧುತ್ವದ ನಿಯಮ. ಅದನ್ನು ಒಳಗು ಮಾಡಿಕೊಂಡ ಮನಸ್ಸು ಒಬ್ಬನ ಬಗ್ಗೆ ನಾಚುತ್ತದೆ, ಇನ್ನೊಬ್ಬನ ಹೆಸರೆತ್ತಿದರೆ ಬೆಚ್ಚಿಬೀಳುತ್ತದೆ. ವಿಕಾಸ ಮನುಷ್ಯನಿಗೆ ಕೊಟ್ಟದ್ದು ಇಂಥ ಮನಸ್ಸನ್ನು: ಸುತ್ತಲಿನ ನಿಯಮವನ್ನು ಕಲಿತು ಅದನ್ನೇ ಸಹಜವೆಂದು ಅನುಭವಿಸುವ ಮನಸ್ಸನ್ನು.

2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಅವಿವಾಹಿತ ಯುವಕರು ಪಾದಯಾತ್ರೆ ಹೊರಟಾಗ ಬೆಂಗಳೂರಿನಲ್ಲಿ ಕೇಳಿಬಂದ ಪ್ರತಿಕ್ರಿಯೆಗಳು ಈ ತಪ್ಪು ತಿಳಿವಳಿಕೆಗೆ ಸ್ಪಷ್ಟ ಉದಾಹರಣೆ. ಮೂವತ್ತು ದಾಟಿದರೂ ಹೆಣ್ಣು ಸಿಗದ ರೈತರ ಮಕ್ಕಳು ಮಾದಪ್ಪನಿಗೆ ಹರಕೆ ಹೊತ್ತು ನಡೆದರು. ಕೆಲವರು ನಕ್ಕರು, ಇನ್ನು ಕೆಲವರು, ಹೆಣ್ಣುಮಕ್ಕಳಿಗೆ ದುಡ್ಡಿರುವ ಸಾಫ್ಟ್‌ವೇರ್ ಗಂಡೇ ಬೇಕು, ಅದು ಅವರ ಹುಟ್ಟುಗುಣ ಎಂದರು. ಅದೇ ವರ್ಷದ ವಿಧಾನಸಭಾ ಚುನಾವಣೆಯ ಪ್ರಚಾರದಲ್ಲಿ, ರೈತರ ಮಕ್ಕಳನ್ನು ಮದುವೆಯಾಗುವ ಹೆಣ್ಣುಮಕ್ಕಳಿಗೆ 2 ಲಕ್ಷ ರೂಪಾಯಿ ಕೊಡುವ ಭರವಸೆಯೂ ಕೇಳಿಬಂತು. ಆ ಭರವಸೆಯ ಹಿಂದೆಯೂ ಹೆಣ್ಣು ಹಣಕ್ಕೆ ಒಲಿಯುತ್ತಾಳೆ ಎಂಬ ಎಣಿಕೆಯೇ ಇತ್ತು.

ಹುಟ್ಟುಗುಣವೇ ಕಾರಣವಾಗಿದ್ದರೆ ಇದೇ ಹಳ್ಳಿಗಳಲ್ಲಿ ಒಂದೆರಡು ತಲೆಮಾರುಗಳ ಹಿಂದೆ ರೈತರ ಮಕ್ಕಳಿಗೆ ಹೆಣ್ಣು ಸಿಗುತ್ತಿದ್ದುದು ಹೇಗೆ? ಇಷ್ಟು ಕಡಿಮೆ ಕಾಲದಲ್ಲಿ ಹೆಣ್ಣಿನ ಮೆದುಳು ಬದಲಾಗುವುದಿಲ್ಲ. ಬದಲಾದದ್ದು ಹಿಡುವಳಿಯ ಗಾತ್ರ, ಬೇಸಾಯದ ಆದಾಯ, ಹೆಣ್ಣುಮಕ್ಕಳ ಓದು ಮತ್ತು ಬಸ್ಸು ಹತ್ತಿದರೆ ಎರಡು ಮೂರು ಗಂಟೆಗಳಲ್ಲಿ ಸಿಗುವ ಬೆಂಗಳೂರಿನ ಕೆಲಸ. ಹಳ್ಳಿಯ ಮನೆಗೆ ಸೊಸೆಯಾಗಿ ಹೋದರೆ ಒಲೆ, ಕೊಟ್ಟಿಗೆ, ಹೊಲ ಮೂರನ್ನೂ ನಿಭಾಯಿಸಬೇಕಾಗುತ್ತದೆ ಎಂಬುದು ತನ್ನ ತಾಯಿಯನ್ನು ನೋಡಿ ಬೆಳೆದ ಹುಡುಗಿಗೆ ಗೊತ್ತು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವುದಾಗಿ ಹೇಳಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸುತ್ತಿದ್ದರೆ, ಗಂಡಸರು 97 ನಿಮಿಷ ವ್ಯಯಿಸುತ್ತಿದ್ದರು. ಇದರೊಂದಿಗೆ ಹೇಳಲೇಬೇಕಾದ ಇನ್ನೊಂದು ಸಂಗತಿಯಿದೆ. ಅದೇ 2023ರ ಕೊನೆಯಲ್ಲಿ ಬೆಂಗಳೂರಿನ ಪೊಲೀಸರು ಭೇದಿಸಿದ ಭ್ರೂಣಲಿಂಗ ಪತ್ತೆ ಜಾಲದ ಸ್ಕ್ಯಾನಿಂಗ್ ನಡೆಯುತ್ತಿದ್ದುದು ಮಂಡ್ಯದ ಒಂದು ಆಲೆಮನೆಯಲ್ಲಿ. ಹುಟ್ಟುವ ಮೊದಲೇ ಹೆಣ್ಣನ್ನು ಬೇಡವೆಂದ ಸಮಾಜ, ಮದುವೆಯ ವಯಸ್ಸಿಗೆ ಹೆಣ್ಣು ಸಾಲದಾದಾಗ ಉಳಿದಿರುವ ಹೆಣ್ಣುಮಕ್ಕಳ ಸ್ವಭಾವವನ್ನು ದೂರುವುದು ನನಗೆ ಅತ್ಯಂತ ನೋವಿನ ಸಂಗತಿಯಾಗಿ ತೋರುತ್ತದೆ. ಗಂಡು ಹೆಣ್ಣಿನ ಅನುಪಾತ ಏರುಪೇರಾದರೆ ಸಂಗಾತಿಯ ಆಯ್ಕೆಯೂ ಪೈಪೋಟಿಯೂ ಹೇಗೆ ಬದಲಾಗುತ್ತವೆ ಎಂಬುದು ವಿಕಾಸ ಜೀವವಿಜ್ಞಾನ ಬಹುಕಾಲದಿಂದ ಅಧ್ಯಯನ ಮಾಡುತ್ತಿರುವ ವಿಷಯ. ಮಂಡ್ಯದ ಯುವಕರ ಸಂಕಟವನ್ನು ಅರಿಯಲು ವಿಜ್ಞಾನ ಬೇಕಿದ್ದರೆ ಅದು ಆ ದಿಕ್ಕಿನಲ್ಲಿದೆ.

ಹೆಂಗಸರೆಲ್ಲ ಮೇಲಿನ ಶೇಕಡ 20ರಷ್ಟು ಗಂಡಸರ ಹಿಂದೆ ಬೀಳುತ್ತಾರೆ ಎಂಬ ‘80-20’ ನಿಯಮದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಅದರ ಮೂಲಗಳಲ್ಲಿ ಮುಖ್ಯವಾದದ್ದು ಓಕೆಕ್ಯುಪಿಡ್ ಎಂಬ ಅಮೆರಿಕದ ಡೇಟಿಂಗ್ ತಾಣ 2009ರಲ್ಲಿ ಪ್ರಕಟಿಸಿದ ಅಂಕಿಅಂಶ: ಫೋಟೊ ನೋಡಿ ಅಂಕ ಕೊಡುವಾಗ ಹೆಂಗಸರು ಶೇಕಡ 80ರಷ್ಟು ಗಂಡಸರನ್ನು ಸಾಧಾರಣಕ್ಕಿಂತ ಕೆಳಗಿಟ್ಟರು. ಆದರೆ ಸಂದೇಶ ಕಳಿಸುವಾಗ ಅದೇ ಹೆಂಗಸರು ಸಾಧಾರಣ ರೂಪದವರಿಗೂ ಬರೆಯುತ್ತಿದ್ದರು. ಅಂಕ ಕೊಡುವಾಗ ಉದಾರವಾಗಿದ್ದ ಗಂಡಸರು ಮಾತ್ರ ತಮ್ಮ ಸಂದೇಶಗಳಲ್ಲಿ ಮೂರನೆಯ ಎರಡು ಭಾಗವನ್ನು ಅತಿ ಸುಂದರಿಯರೆಂದು ತಾವೇ ಗುರುತಿಸಿದ ಮೂರನೆಯ ಒಂದು ಭಾಗದವರಿಗೆ ಕಳಿಸುತ್ತಿದ್ದರು. ಹಂಚಿಕೆಯಾದದ್ದು ಮೊದಲ ಅರ್ಧ ಮಾತ್ರ. ಕಾದಾಡಿ ಗೆದ್ದು ಗುಂಪನ್ನು ಆಳುವ ‘ಆಲ್ಫಾ ಗಂಡು’ ಎಂಬ ಕಲ್ಪನೆಯ ಕಥೆಯೂ ಹೀಗೆಯೇ. ಅದನ್ನು ಜನಪ್ರಿಯಗೊಳಿಸಿದ ತೋಳಗಳ ಅಧ್ಯಯನಗಳು ಸೆರೆಯಲ್ಲಿಟ್ಟ, ಒಂದಕ್ಕೊಂದು ಸಂಬಂಧವಿಲ್ಲದ ತೋಳಗಳನ್ನು ಆಧರಿಸಿದ್ದವು. 1970ರ ತಮ್ಮ ಪುಸ್ತಕದಲ್ಲಿ ಅದನ್ನು ಹರಡಿದ್ದ ಡೇವಿಡ್ ಮೆಕ್ ಅವರೇ, ಕಾಡಿನ ತೋಳಗಳ ಹಿಂಡೆಂದರೆ ತಂದೆ, ತಾಯಿ, ಮಕ್ಕಳ ಕುಟುಂಬ ಎಂದು 1999ರಲ್ಲಿ ಬರೆದು, ಆ ಪುಸ್ತಕದ ಮುದ್ರಣ ನಿಲ್ಲಿಸುವಂತೆ ಪ್ರಕಾಶಕರನ್ನು ಕೇಳಿಕೊಂಡರು.

ಪ್ರಾಣಿಲೋಕವೂ ಇಂಥ ಏಕರೂಪದ ನಿಯಮಕ್ಕೆ ಒಗ್ಗುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೋಹಿಣಿ ಬಾಲಕೃಷ್ಣನ್ ಮತ್ತು ಸಂಗಡಿಗರು ಮರಜೀರುಂಡೆಗಳ ಬಗ್ಗೆ 2020ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ಸಾಕ್ಷಿ. ಹೆಣ್ಣು ಜೀರುಂಡೆಗಳಿಗೆ ಜೋರು ದನಿ ಇಷ್ಟ. ಆದರೆ ಗಾತ್ರದಲ್ಲಿ ಚಿಕ್ಕ, ದನಿಯಲ್ಲಿ ಸಣ್ಣ ಗಂಡುಗಳು ಎಲೆಯಲ್ಲಿ ತೂತು ಕೊರೆದು, ಅದರಲ್ಲಿ ಕುಳಿತು ರೆಕ್ಕೆ ಉಜ್ಜಿ, ದನಿಯನ್ನು ಹಿಗ್ಗಿಸಿಕೊಂಡು ಹೆಣ್ಣುಗಳನ್ನು ಸೆಳೆಯುತ್ತವೆ. ಜೀರುಂಡೆಯಿಂದ ಮನುಷ್ಯನ ಬಗ್ಗೆ ತೀರ್ಮಾನಕ್ಕೆ ಬರಬಾರದು, ನಿಜ. ಆದರೆ ‘ಪ್ರಕೃತಿಯಲ್ಲಿ ಬಲಿಷ್ಠನಿಗಷ್ಟೇ ಸಂಗಾತಿ’ ಎನ್ನುವವರಿಗೆ ಪ್ರಕೃತಿಯ ಬಗ್ಗೆಯೂ ಪೂರ್ತಿ ತಿಳಿದಿಲ್ಲ.

ಈ ಕ್ಷೇತ್ರದ ಒಳಗೂ ತಪ್ಪುಗಳಾಗಿವೆ. ತಿಂಗಳ ಚಕ್ರದ ಫಲವತ್ತಾದ ದಿನಗಳಲ್ಲಿ ಹೆಂಗಸರಿಗೆ ಹೆಚ್ಚು ಗಡಸಾದ ಗಂಡುಮುಖಗಳು ಇಷ್ಟವಾಗುತ್ತವೆ ಎಂಬ 1990ರ ದಶಕದ ವಾದ ಪತ್ರಿಕೆಗಳಲ್ಲಿ ಬಹಳ ಮಿಂಚಿತು. 584 ಹೆಂಗಸರ ಹಾರ್ಮೋನುಗಳನ್ನೂ ಅಳೆದು ನಡೆಸಿದ 2018ರ ಅಧ್ಯಯನ ಅದಕ್ಕೆ ಆಧಾರ ಕಾಣಲಿಲ್ಲ. ತಿದ್ದುಪಡಿಗೆ ಮೂಲ ಸುದ್ದಿಯ ಪ್ರಚಾರ ಸಿಗಲಿಲ್ಲ, ಹಾಗಾಗಿ ಅದು ಇನ್ನೂ ವಿಡಿಯೊಗಳಲ್ಲಿ ಬದುಕಿದೆ. ಹಾಗೆಂದು ಇಡೀ ಶಾಖೆಯನ್ನು ಪುರುಷಪ್ರಧಾನ ಕಟ್ಟುಕಥೆ ಎಂದು ತಳ್ಳಿಹಾಕುವ, ನಮ್ಮ ವಿಚಾರವಂತರಲ್ಲಿ ಕೆಲವರಿಗೆ ಪ್ರಿಯವಾದ ನಿಲುವನ್ನೂ ನಾನು ಒಪ್ಪಲಾರೆ. ಮನುಷ್ಯನ ಹೃದಯ, ಮೂತ್ರಪಿಂಡಗಳಿಗೆ ವಿಕಾಸದ ಇತಿಹಾಸವಿದ್ದು ಮನಸ್ಸಿಗೆ ಮಾತ್ರ ಇಲ್ಲ ಎನ್ನಲು ಕಾರಣವಿಲ್ಲ. ಮೇಲೆ ಹೇಳಿದ 45 ದೇಶಗಳ ಅಧ್ಯಯನದಲ್ಲೇ, ಲಿಂಗ ಸಮಾನತೆ ಹೆಚ್ಚಿರುವ ದೇಶಗಳಲ್ಲಿ ದಂಪತಿಗಳ ವಯಸ್ಸಿನ ಅಂತರ ಕಡಿಮೆಯಿರುವುದು ಕಂಡುಬಂದಿದೆ. ಸಮಾನತೆಯನ್ನು ಬಯಸುವವರಿಗೆ ಇದು ಬೇಕಾದ ಸಾಕ್ಷ್ಯ. ಅದನ್ನು ಒದಗಿಸಿದವರು ಇದೇ ವಿಜ್ಞಾನಿಗಳು.

ಎಲ್ಲಕ್ಕಿಂತ ದೊಡ್ಡ ಹಾನಿ ಆಗುತ್ತಿರುವುದು ‘ಸಹಜ’ ಎಂಬುದನ್ನು ‘ಸರಿ’ ಎಂದು ಓದಿಕೊಳ್ಳುವುದರಿಂದ. ಒಂದು ವರ್ತನೆ ಏಕೆ ಕಾಣಿಸಿಕೊಳ್ಳುತ್ತದೆ ಎಂದು ವಿವರಿಸಿದರೆ ಅದನ್ನು ಕ್ಷಮಿಸಿದಂತಾಗುವುದಿಲ್ಲ. ಕ್ಷಯರೋಗದ ಬ್ಯಾಕ್ಟೀರಿಯಾ ಔಷಧಕ್ಕೆ ಜಗ್ಗದಂತೆ ವಿಕಾಸಗೊಳ್ಳುವುದನ್ನು ವಿವರಿಸುವ ವೈದ್ಯರು ಕ್ಷಯದ ಪರ ನಿಂತಿರುವುದಿಲ್ಲ. ಆದರೆ ಗಂಡನ ಅನುಮಾನ, ಕಾವಲು, ಹೊಡೆತಗಳಿಗೆ ‘ಗಂಡಸಿನ ಮತ್ಸರ ಪ್ರಕೃತಿಸಹಜ’ ಎಂಬ ಸಮಜಾಯಿಷಿ ಸಂಸಾರದ ಪಂಚಾಯಿತಿಗಳಲ್ಲಿ ಮೊದಲಿನಿಂದಲೂ ಇತ್ತು; ಈಗ ಅದಕ್ಕೆ ವಿಜ್ಞಾನದ ಹೆಸರೂ ಸೇರಿಕೊಂಡಿದೆ. ಗಂಡಸಿನ ಮತ್ಸರವನ್ನು ವಿಕಾಸದ ಚೌಕಟ್ಟಿನಲ್ಲಿ ಆಳವಾಗಿ ಅಧ್ಯಯನ ಮಾಡಿದವರು ಕೆನಡಾದ ಮಾರ್ಗೊ ವಿಲ್ಸನ್ ಮತ್ತು ಮಾರ್ಟಿನ್ ಡೇಲಿ. ಅವರು ಕೊಲೆ ಪ್ರಕರಣಗಳ ದಾಖಲೆಗಳನ್ನು ಪರಿಶೀಲಿಸಿದ್ದು ಯಾವ ಹೆಂಗಸಿಗೆ ಯಾವಾಗ ಅಪಾಯ ಹೆಚ್ಚು ಎಂದು ಅರಿಯಲು. ಕೆನಡಾ, ಆಸ್ಟ್ರೇಲಿಯಾ ಮತ್ತು ಷಿಕಾಗೊ ನಗರದ ದಾಖಲೆಗಳನ್ನು ಆಧರಿಸಿ 1993ರಲ್ಲಿ ಅವರು ತೋರಿಸಿದಂತೆ, ಜೊತೆಯಲ್ಲೇ ಬಾಳುತ್ತಿರುವ ಹೆಂಡತಿಗಿಂತ ಗಂಡನನ್ನು ಬಿಟ್ಟು ಹೊರಬಂದ ಹೆಂಡತಿ ಅವನಿಂದ ಕೊಲೆಯಾಗುವ ಅಪಾಯ ಹೆಚ್ಚು, ಅದರಲ್ಲೂ ಬೇರೆಯಾದ ಮೊದಲ ತಿಂಗಳುಗಳಲ್ಲಿ. ‘ಸ್ವಲ್ಪ ದಿನ ತವರಿನಲ್ಲಿರು, ಅವನ ಕೋಪ ಇಳಿಯುತ್ತದೆ’ ಎಂದು ಹೇಳಿ ಕಳಿಸುವ ಬಂಧುಗಳು, ದೂರು ಬರೆದುಕೊಳ್ಳುವ ಪೊಲೀಸರು, ಆಪ್ತಸಮಾಲೋಚಕರು ತಿಳಿದಿರಬೇಕಾದ ಸಂಗತಿ ಇದು: ಆ ದಿನಗಳಲ್ಲಿ ಆಕೆ ಎಲ್ಲಿದ್ದಾಳೆ, ಯಾರ ಜೊತೆಗಿದ್ದಾಳೆ, 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡುವ ಸ್ಥಿತಿಯಲ್ಲಿದ್ದಾಳೆಯೇ ಎಂದು ಪ್ರತಿದಿನ ವಿಚಾರಿಸಿಕೊಳ್ಳಬೇಕು.